ಮನೆಯ ಕ್ರಯದಲ್ಲಿ ದೋಷಕಥನ

೧

ಮನೆಯನ್ನು ಮಾರುವವನು ಅದರ ವಿಷಯದಲ್ಲಿ ತನಗೆ ತಿಳಿದಿರುವ ಕುಂದುಕೊರತೆಗಳನ್ನು ಕೊಳ್ಳುವವನಿಗೆ ಮುಂಚಿತವಾಗಿ ಹೇಳಬೇಕೆ, ಹೇಳಬೇಕಾದರೆ ಯಾವುದನ್ನು ಎಷ್ಟರ ಮಟ್ಟಿಗೆ ಹೇಳಬೇಕು, ಹೇಳದೆ ಹೋದರೆ ಫಲವೇನು, ಎಂಬ ಪ್ರಶ್ನೆಯು ಮೊದಲ ನೋಟಕ್ಕೆ ವಕೀಲರಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ಭೂಮಿಯ ಮತ್ತು ಮನೆಯ ದಾನಕ್ರಯಗಳ ಒಕ್ಕಣೆಯು ಕನ್ನಡ ಗದ್ಯದ ಅತಿ ಹಳೆಯ ಪ್ರಕಾರಗಳಲ್ಲಿ ಒಂದಾಗಿದೆ. ಶಿಲೆಯ ಮೇಲೂ ತಾಮ್ರಪಟದ ಮೇಲೂ ಕಡತದಲ್ಲಿಯೂ ಛಾಪಾ ಕಾಗದದ ಮೇಲೂ ಅದು ಎಡೆಬಿಡದೆ ಬರೆಯಲ್ಪಟ್ಟಿದೆ. ಆ ಒಕ್ಕಣೆಯು ಏನನ್ನು ಹೇಳಿತು, ಏನನ್ನು ಹೇಳದೆ ಬಿಟ್ಟಿತು, ಏಕೆ ಬಿಟ್ಟಿತು ಎಂಬ ವಿಚಾರವು ಇತಿಹಾಸಕ್ಕೂ ಸಾಹಿತ್ಯಕ್ಕೂ ಸಮಾನವಾಗಿ ಸಂಬಂಧಪಟ್ಟದ್ದು.

ಈ ವಿಚಾರಕ್ಕೆ ಹರಿಹರ ದಾವಣಗೆರೆಗಳ ಸೀಮೆಯು ಒಳ್ಳೆಯ ನಿದರ್ಶನವಾಗಿದೆ. ತುಂಗಭದ್ರೆಗೆ ಹರಿದ್ರೆಯು ಬಂದು ಸೇರುವೆಡೆಯಲ್ಲಿರುವ ಹರಿಹರವು ಶಾಸನಗಳಿಂದ ತುಂಬಿದ ಪ್ರಾಚೀನ ಕ್ಷೇತ್ರ. ಅಲ್ಲಿಂದ ಸುಮಾರು ೧೪ ಕಿಲೋಮೀಟರು ದೂರದಲ್ಲಿರುವ ದಾವಣಗೆರೆಯು ವರ್ತಕರಿಂದ ಬೆಳೆದ ಇತ್ತೀಚಿನ ಪಟ್ಟಣ. ಒಂದರಲ್ಲಿ ನೆರೆಹೊರೆಯವರ ತಿಳಿವಳಿಕೆಯ ಮೇಲೆ ನಿಂತ ಹಳೆಯ ಕ್ರಮವೂ, ಮತ್ತೊಂದರಲ್ಲಿ ಪತ್ರದ ಮೇಲೆ ನಿಂತ ಹೊಸ ಕ್ರಮವೂ ನಮ್ಮ ಕಣ್ಣಿಗೆ ಬೀಳುತ್ತವೆ. ಎರಡೂ ಊರುಗಳ ಬೆಳವಣಿಗೆಯು ಇಂದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವೆಂಬ ಒಂದೇ ಸಂಸ್ಥೆಯ ಅಧೀನದಲ್ಲಿದೆ.

ಕೊಳ್ಳುವವನ ರಕ್ಷಣೆಗೆ ನಮ್ಮ ದೇಶದಲ್ಲಿ ಮೂರು ಉಪಾಯಗಳು ಕಂಡುಬರುತ್ತವೆ. ಹತ್ತು ಮಂದಿಯ ಮುಂದೆ ಕ್ರಯವನ್ನು ಸಾರಿ ಹೇಳುವುದು ಮೊದಲನೆಯದು; ಇದನ್ನು ಸಾರಿಕೆಯೆನ್ನೋಣ. ಮುಂದೆ ತೊಂದರೆ ಬಂದರೆ ತಾನೇ ಪರಿಹರಿಸುವೆನೆಂದು ಮಾರುವವನು ಒಪ್ಪಿಕೊಳ್ಳುವುದು ಎರಡನೆಯದು, ಇದು ಹೊಣೆ. ಕ್ರಯಕ್ಕೆ ಮೊದಲೇ ಇರುವ ದೋಷವನ್ನು ಇದ್ದಂತೆ ತಿಳಿಸುವುದು ಮೂರನೆಯದು. ಇದನ್ನು ದೋಷಕಥನವೆಂದು ಕರೆಯಬಹುದು. ಮೊದಲನೆಯದು ಕ್ಷೀಣಿಸಿತು, ಎರಡನೆಯದು ಬೆಳೆಯಿತು, ಮೂರನೆಯದು ಕಾಯಿದೆಯಲ್ಲಿ ಬಂದರೂ ನಮ್ಮ ಕ್ರಯಪತ್ರಗಳ ಭಾಷೆಯೊಳಗೆ ಇನ್ನೂ ಬಂದಿಲ್ಲ, ಎಂಬುದು ಈ ಲೇಖನದ ಅಭಿಪ್ರಾಯ.

೨

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆಲ್ಲ ತಿಳಿದ ಸಂಗತಿ. ಅದರ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯದ ವಿಚಾರವಿದೆ. ಮನೆ, ಹೊಲ, ತೋಟ, ಕಟ್ಟೆ, ಕೆರೆ ಇವೆಲ್ಲವೂ ವಾಸ್ತುವೆಂಬ ಮಾತಿನಲ್ಲಿ ಸೇರುತ್ತವೆ. ಮಾರಾಟಕ್ಕೆ ಬಂದ ವಾಸ್ತುವನ್ನು ಜ್ಞಾತಿಗಳು, ನೆರೆಯವರು, ಸಾಲ ಕೊಟ್ಟವರು ಈ ಕ್ರಮದಲ್ಲಿ ಕೊಳ್ಳಬಹುದು, ಅನಂತರ ಹೊರಗಿನವರು. ಮನೆಯಾದರೆ ಆ ಮನೆಯ ಮುಂದೆಯೇ ನೆರೆಯ ನಲವತ್ತು ಕುಲಗಳವರ ಎದುರಿನಲ್ಲಿ ಅದನ್ನು ಸಾರಬೇಕು. ಹೊಲ ತೋಟಗಳಾದರೆ ನೆರೆಯವರ ಮತ್ತು ಗ್ರಾಮವೃದ್ಧರ ಎದುರಿನಲ್ಲಿ ಎಲ್ಲೆಗಳನ್ನು ತೋರಿಸಿ ಸಾರಬೇಕು. ಈ ಬೆಲೆಗೆ ಕೊಳ್ಳುವವರಾರೆಂದು ಮೂರು ಸಲ ಕೂಗಿ ಹೇಳಿದ ಮೇಲೆ ಯಾರೂ ಅಡ್ಡಿಮಾಡದಿದ್ದರೆ ಕ್ರಯವು ಸಿದ್ಧಿಸುತ್ತದೆ.

ಇಲ್ಲಿ ಮಾರುವವನು ತನ್ನ ಹಕ್ಕಿನ ಲೋಪದೋಷಗಳನ್ನು ಬಾಯಿಬಿಟ್ಟು ಹೇಳಬೇಕೆಂಬ ವಿಧಿಯಿಲ್ಲವೆಂಬುದನ್ನು ಗಮನಿಸಬೇಕು. ಅವನು ಹೇಳುವುದು ಬೆಲೆಯನ್ನು, ತೋರಿಸುವುದು ಎಲ್ಲೆಯನ್ನು. ದೋಷವಿದ್ದರೆ ಅದನ್ನು ಹೇಳುವವರು ಸುತ್ತ ನೆರೆದವರು. ಪಾಲುಗಾರನಿದ್ದರೆ ಅವನು ಎದ್ದು ನಿಲ್ಲುತ್ತಾನೆ. ಸಾಲಗಾರನಿದ್ದರೆ ಅವನು ಕೇಳುತ್ತಾನೆ. ಎಲ್ಲೆಯು ಒತ್ತುವರಿಯಾಗಿದ್ದರೆ ಪಕ್ಕದವನು ಸುಮ್ಮನಿರುವುದಿಲ್ಲ. ಮೂರು ಸಲದ ಮೌನವೇ ಕೊಳ್ಳುವವನಿಗೆ ಅಭಯ.

ಇದೇ ಭಾವನೆಯು ಕರ್ಣಾಟಕದಲ್ಲಿಯೇ ರಚಿತವಾದ ಮಿತಾಕ್ಷರೆಯಲ್ಲಿ ಶಾಸ್ತ್ರಶುದ್ಧವಾದ ರೂಪವನ್ನು ಪಡೆಯಿತು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ಕ್ರಿ. ಶ. ೧೦೭೬ ರಿಂದ ೧೧೨೬ರ ವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನವು ಇಂಡಿಯದ ಬಹುಭಾಗದಲ್ಲಿ ದಾಯಭಾಗ ವಿಷಯಕ್ಕೆ ಪ್ರಮಾಣವಾಯಿತು. ಅದರಲ್ಲಿ ಒಂದು ಸ್ಮೃತಿವಚನದ ಚರ್ಚೆಯಿದೆ. ಭೂಮಿಯು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗಬೇಕಾದರೆ ಆರು ಅಂಗಗಳು ಬೇಕೆಂದು ಆ ವಚನವು ಹೇಳುತ್ತದೆ: ಊರಿನವರ, ಜ್ಞಾತಿಗಳ, ನೆರೆಯವರ, ದಾಯಾದರ ಅನುಮತಿ, ಮತ್ತು ಸುವರ್ಣ, ಉದಕ. ಇದನ್ನು ಕೇಳಿದ ಕೂಡಲೆ ಊರಿನವರು ಒಪ್ಪದಿದ್ದರೆ ಮಾರುವ ಹಕ್ಕೇ ಇಲ್ಲವೆಂದು ತೋರುತ್ತದೆ. ವಿಜ್ಞಾನೇಶ್ವರನು ಹಾಗೆ ತಿಳಿಯಲಿಲ್ಲ. ಊರಿನವರ ಅನುಮತಿಯು ವ್ಯವಹಾರವು ಪ್ರಕಾಶವಾಗಲೆಂದು. ನೆರೆಯವರದು ಎಲ್ಲೆಯ ವಿವಾದವು ಹುಟ್ಟದಿರಲೆಂದು. ಜ್ಞಾತಿದಾಯಾದರದು, ಅವರು ಬೇರೆಯಾಗಿದ್ದ ಪಕ್ಷದಲ್ಲಿ, ವಿಭಕ್ತರೋ ಅವಿಭಕ್ತರೋ ಎಂಬ ಸಂಶಯವು ತೊಲಗಿ ವ್ಯವಹಾರವು ಸುಗಮವಾಗಲೆಂದು, ಎಂದು ಅವನು ಒಂದೊಂದಕ್ಕೂ ಪ್ರಯೋಜನವನ್ನು ನಿರ್ದೇಶಿಸಿದ್ದಾನೆ. ಅಪ್ಪಣೆ ಬೇಡುವುದಕ್ಕಲ್ಲ, ಸಂಗತಿಗಳನ್ನು ಬೆಳಕಿಗೆ ತರುವುದಕ್ಕೆ ಈ ಅನುಮತಿಗಳು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಬರೆದ ಈ ವಿವರಣೆಯಲ್ಲಿ, ಇಂದು ಮನೆಯನ್ನು ಕೊಳ್ಳುವವನು ವಿಚಾರಿಸಬೇಕಾದ ಮುಖ್ಯ ಸಂಗತಿಗಳಲ್ಲಿ ಮೂರು ಬಂದಿವೆ.

ಉಳಿದೆರಡು ಅಂಗಗಳಾದ ಸುವರ್ಣೋದಕಗಳ ವಿಚಾರವು ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದುದು. ಸ್ಥಾವರವನ್ನು ಮಾರಕೂಡದೆಂಬ ನಿಷೇಧವು ಸ್ಮೃತಿಗಳಲ್ಲಿದ್ದುದರಿಂದ, ಮಾರಬೇಕಾಗಿ ಬಂದರೂ ಹೊನ್ನು ನೀರುಗಳನ್ನು ಕೊಟ್ಟು ದಾನದ ರೂಪದಲ್ಲಿಯೇ ಅದನ್ನು ನಡೆಸಬೇಕೆಂದು ವಿಜ್ಞಾನೇಶ್ವರನು ಹೇಳುತ್ತಾನೆ. ಮನೆಯ ಕ್ರಯವು ಹೀಗೆ ದಾನದ ವೇಷವನ್ನು ತೊಟ್ಟಿತು.

ಸರಕುಗಳ ವಿಷಯದಲ್ಲಿ ಶಾಸ್ತ್ರವು ಬಹು ನಿಷ್ಠುರವಾಗಿದೆ. ದೋಷವುಳ್ಳುದನ್ನು ದೋಷವಿಲ್ಲದ್ದರಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಕೊಂಡದ್ದನ್ನು ಪರೀಕ್ಷಿಸಿ ನೋಡಲು ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧ ದಿನ, ಭಾರವನ್ನು ಹೊರುವ ಪಶುವಿಗೆ ೫ ದಿನ, ರತ್ನಕ್ಕೆ ೭ ದಿನ, ಕರೆಯುವ ಹಸುವಿಗೆ ೩ ದಿನ ಎಂದು ಅವಧಿಗಳನ್ನೂ ಗೊತ್ತುಮಾಡಿದ್ದಾನೆ. ಈ ಪಟ್ಟಿಯಲ್ಲಿ ಮನೆಯಿಲ್ಲ. ಹಸುವನ್ನು ಕೊಂಡವನಿಗೆ ಮೂರು ದಿನದ ಪರೀಕ್ಷೆಯುಂಟು. ಮನೆಯನ್ನು ಕೊಂಡವನಿಗೆ ಅದಿಲ್ಲ. ಮನೆಯ ಕ್ರಯವನ್ನು ದಾನದ ಸಾಲಿನಲ್ಲಿ ನಿಲ್ಲಿಸಿದುದೇ ಇದಕ್ಕೆ ಒಂದು ಕಾರಣವಾಗಿರಬಹುದೆಂದು ತೋರುತ್ತದೆ. ದಾನವಾಗಿ ಬಂದ ಎತ್ತಿನ ಹಲ್ಲನ್ನು ಎಣಿಸುವ ವಾಡಿಕೆ ನಮ್ಮಲ್ಲಿಲ್ಲವಷ್ಟೆ.

೩

ಈ ಹಿನ್ನೆಲೆಯಲ್ಲಿ ಹರಿಹರದ ಕಡೆಗೆ ತಿರುಗೋಣ. ಬಾದಾಮಿಯ ಚಾಳುಕ್ಯ ವಿನಯಾದಿತ್ಯನ ಕ್ರಿ. ಶ. ೬೯೪ರ ತಾಮ್ರಶಾಸನವು ಇಲ್ಲಿ ದೊರೆತದ್ದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಹರಿಹರೇಶ್ವರನ ದೇವಾಲಯವನ್ನು ಕಟ್ಟಿಸಿದನು. ಸೋಮನಾಥಪುರವನ್ನು ಸ್ಥಾಪಿಸಿದ ಸೋಮ ದಂಡನಾಯಕನು ೧೨೬೮ರಲ್ಲಿ ಅದಕ್ಕೆ ಮತ್ತಷ್ಟು ಕೆಲಸವನ್ನು ಸೇರಿಸಿದನು. ಊರು ೧೦೪ ಮಂದಿ ಬ್ರಾಹ್ಮಣರ ಅಗ್ರಹಾರವಾಗಿತ್ತು. ಇಲ್ಲಿಯ ಶಿಲಾಲೇಖಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ೧೧ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೆ ಅಚ್ಚಾಗಿವೆ.

ಅಗ್ರಹಾರವೆಂದರೆ ಎಣಿಸಿದ ವೃತ್ತಿಗಳ ಊರು. ಯಾರ ವೃತ್ತಿ ಎಷ್ಟು, ಯಾರ ಮನೆಯ ನಿವೇಶನ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮಹಾಜನಗಳಿಗೆಲ್ಲ ಗೊತ್ತಿರುವ ವಿಷಯ. ಬೇರೆ ಊರುಗಳ ಶಾಸನಗಳಲ್ಲಿ ಕಾಣುವ ಅರುವತ್ತೊಕ್ಕಲು, ಗವುಡುಗಳು, ನಖರಗಳು ಮಾಡುತ್ತಿದ್ದುದೂ ಇದೇ ಕೆಲಸ. ಕೌಟಿಲ್ಯನ ನಲವತ್ತು ಕುಲಗಳು ಇಲ್ಲಿ ಬೇರೆ ಹೆಸರಿನಿಂದ ಕುಳಿತಿವೆ. ಕನ್ನಡ ನಾಡಿನ ಹಳೆಯ ಕ್ರಯಸಾಧನಗಳಲ್ಲಿ ಜ್ಞಾತಿ, ಸಾಮಂತ, ದಾಯಾದರ ಅನುಮತಿಯಿಂದ ಎಂಬ ಮಾತು ಬರುವುದು ವಿಜ್ಞಾನೇಶ್ವರನು ವಿವರಿಸಿದ ಆ ವಚನದಿಂದಲೇ. ಇಲ್ಲಿ ಸಾಮಂತನೆಂದರೆ ಮಾಂಡಲಿಕನಲ್ಲ, ನೆರೆಯವನು, ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಅಗತ್ಯ. ಬೆಲೆಯು ಕಾಲಕ್ಕೆ ಉಚಿತವಾಗಿ ಮಧ್ಯಸ್ಥರಿಂದ ಗೊತ್ತಾದದ್ದೆಂಬ ಮಾತೂ ಇಂತಹ ಸಾಧನಗಳಲ್ಲಿ ಉಂಟು.

ಇನ್ನು ಕೊಡುವ ವಸ್ತುವಿನ ವರ್ಣನೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನು ತೇಜಸ್ವಾಮ್ಯದೊಡನೆ ಕೊಟ್ಟುದಾಗಿ ಹೇಳುವುದು ಪ್ರಸಿದ್ಧವಾದ ಕ್ರಮ. ಹೂಳಿಟ್ಟ ಧನ, ಇಟ್ಟುಹೋದ ಒಡವೆ, ನೀರು, ಕಲ್ಲು, ಕುಂದದೆ ಬರುವ ಉತ್ಪತ್ತಿ, ಮುಂದೆ ಬರತಕ್ಕದ್ದು, ಈಗಾಗಲೇ ಸಾಗುವಳಿಗೆ ಬಂದದ್ದು, ಇನ್ನು ತರಬಹುದಾದದ್ದು, ಎಂದು ಇವನ್ನು ಸ್ಥೂಲವಾಗಿ ವಿವರಿಸಬಹುದು. ಬರಬಹುದಾದ ಲಾಭಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ನೆಲದೊಳಗೆ ಯಾರೂ ಕಾಣದ ನಿಧಿಯನ್ನು ಕೂಡ ಹೆಸರಿಸಿದೆ. ಆದರೆ ಬರಬಹುದಾದ ತೊಂದರೆಗಳಲ್ಲಿ ಒಂದನ್ನಾದರೂ ಈ ಪಟ್ಟಿಯು ಹೇಳುವುದಿಲ್ಲ. ಕೊಡುವವನು ಏನನ್ನು ಕೊಡುತ್ತಾನೆಂಬುದೇ ದಾನದ ಭಾಷೆ. ಆ ಭಾಷೆಯನ್ನೇ ಕ್ರಯವೂ ಎರವಲು ಪಡೆಯಿತು.

ಎರಡು ವಿಷಯಗಳಲ್ಲಿ ಮಾತ್ರ ಶಾಸನಗಳು ಭಾರವನ್ನು ಸ್ಪಷ್ಟವಾಗಿ ಹೇಳುತ್ತವೆ. ಒಂದು ಎಲ್ಲೆ: ನಾಲ್ಕು ದಿಕ್ಕಿನ ಕಲ್ಲು, ಮರ, ಹುತ್ತ, ಹಳ್ಳಗಳನ್ನು ಎಣಿಸಿ ಹೇಳುವುದುಂಟು. ಮತ್ತೊಂದು ತೆರಿಗೆ: ಸಿದ್ಧಾಯವೆಷ್ಟು, ಸರ್ವಮಾನ್ಯವೋ ಅಲ್ಲವೋ, ಯಾವ ಬಾಧೆಗಳಿಗೆ ಪರಿಹಾರವುಂಟೆಂಬುದನ್ನು ಹೇಳುವುದುಂಟು. ಇವೆರಡೂ ಊರಿಗೂ ಅರಸನಿಗೂ ಬೇಕಾದ ಸಂಗತಿಗಳೆಂಬುದು ಗಮನಾರ್ಹ. ಶಾಸನದ ಕಡೆಯಲ್ಲಿ ಬರುವ ಶಾಪವಾಕ್ಯಗಳೂ ಧರ್ಮವನ್ನು ಕೆಡಿಸಿದವನನ್ನು, ಕೊಟ್ಟುದನ್ನು ಕಿತ್ತುಕೊಂಡವನನ್ನು ಶಪಿಸುತ್ತವೆಯೇ ಹೊರತು, ಕುಂದನ್ನು ಮುಚ್ಚಿಟ್ಟು ಕೊಟ್ಟವನನ್ನು ಶಪಿಸುವುದಿಲ್ಲ.

ಈ ಕ್ರಮವನ್ನು ಬರಿದೆ ಹೊಗಳುವುದು ಸರಿಯಲ್ಲ. ನೆರೆಯವರ ಎದುರಿನಲ್ಲಿ ನಡೆಯುವ ಕ್ರಯದಲ್ಲಿ ನೆರೆಯವರಿಗೆ ಬೇಡವಾದವನು ಒಳಗೆ ಬರುವುದು ಕಷ್ಟ. ಮೊದಲು ಜ್ಞಾತಿ, ಆಮೇಲೆ ನೆರೆಯವನು, ಕಡೆಗೆ ಹೊರಗಿನವನು ಎಂಬ ಕ್ರಮದಲ್ಲಿ ಹೊರಗಿನವನ ಸ್ಥಾನವು ಸ್ಪಷ್ಟವಾಗಿಯೇ ಇದೆ. ಜಾತಿಯಿಂದ ದೂರವಿಡಲ್ಪಟ್ಟವರಿಗೆ ಅಗ್ರಹಾರದ ಬೀದಿಯಲ್ಲಿ ಮನೆಯನ್ನು ಕೊಳ್ಳುವ ಮಾತೇ ಇರಲಿಲ್ಲ. ಸಾರಿಕೆಯು ಸತ್ಯವನ್ನು ಹೊರಗೆಡಹುತ್ತಿತ್ತು, ಜನರನ್ನೂ ಹೊರಗಿಡುತ್ತಿತ್ತು.

೪

ದಾವಣಗೆರೆಯ ಚರಿತ್ರೆಯು ಇದಕ್ಕಿಂತ ಬೇರೆ. ಅದು ಹಿಂದೆ ಬೇತೂರಿನ ಹೊರವಲಯದಲ್ಲಿದ್ದ ಸಾಮಾನ್ಯ ಗ್ರಾಮ. ಹೈದರಾಲಿಯು ಅದನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು; ಅವನು ವರ್ತಕರಿಗೆ ಆಶ್ರಯವಿತ್ತು ನೆಲೆಗೊಳಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಬಂದವು. ಹರಿಹರದಲ್ಲಿಯೂ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಕೆಲಸಗಾರರನ್ನು ದೂರದೂರದಿಂದ ಕರೆತಂದಿತು. ದಾವಣಗೆರೆಯು ೧೯೯೭ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾಯಿತು. ೨೦೦೭ರಲ್ಲಿ ಮಹಾನಗರಪಾಲಿಕೆಯನ್ನು ಪಡೆಯಿತು. ಇಂತಹ ಊರಿನಲ್ಲಿ ಕೊಳ್ಳುವವನು ಒಂದು ಕಡೆಯವನು, ಮಾರುವವನು ಒಂದು ಕಡೆಯವನು, ಪಕ್ಕದ ಮನೆಯವನು ಮೊನ್ನೆ ಬಂದವನು. ಮೂರು ಸಲ ಕೂಗಿದರೂ ಎದ್ದು ಹೇಳುವವರಿಲ್ಲ. ನೆರೆಯ ಮೌನಕ್ಕೆ ಹಿಂದೆ ಇದ್ದ ಅರ್ಥವು ಇಲ್ಲಿ ಇಲ್ಲ.

ಆದುದರಿಂದ ಪತ್ರವು ಮಾತಾಡಬೇಕಾಯಿತು. ತುಂಗಭದ್ರೆಯ ಈಚೆ ದಡದ ಹರಿಹರವು ಮೈಸೂರು ಸಂಸ್ಥಾನದಲ್ಲಿಯೂ, ಆಚೆ ದಡದ ರಾಣೆಬೆನ್ನೂರು ಮುಂಬಯಿ ಆಧಿಪತ್ಯದಲ್ಲಿಯೂ, ಅನತಿದೂರದ ಹರಪನಹಳ್ಳಿಯು ಮದರಾಸು ಆಧಿಪತ್ಯದಲ್ಲಿಯೂ ಇದ್ದ ಕಾಲವದು. ಸ್ವತ್ತು ವರ್ಗಾವಣೆಯ ೧೮೮೨ರ ಕಾಯಿದೆಯು ಮದರಾಸಿನಲ್ಲಿ ಆ ವರ್ಷವೇ, ಮುಂಬಯಿಯಲ್ಲಿ ೧೮೯೩ರಲ್ಲಿ ಜಾರಿಗೆ ಬಂದಿತು. ಮೈಸೂರಿನಲ್ಲಿ ಬ್ರಿಟಿಷ್ ಇಂಡಿಯದ ಕಾಯಿದೆಗಳು ತಾವಾಗಿಯೇ ನಡೆಯುತ್ತಿರಲಿಲ್ಲ. ೧೯೫೬ರ ನವೆಂಬರ್ ೧ರಂದು ಈ ಮೂರು ಭಾಗಗಳೂ ಒಂದೇ ರಾಜ್ಯದೊಳಗೆ ಬಂದವು. ಇಂದು ಎಲ್ಲ ಕಡೆಯಲ್ಲಿಯೂ ನಡೆಯುವುದು ಆ ಕಾಯಿದೆಯೇ.

ಅದರ ೫೫ನೆಯ ಪ್ರಕರಣವು ನಮ್ಮ ವಿಷಯಕ್ಕೆ ಮೂಲಾಧಾರ. ಸ್ವತ್ತಿನಲ್ಲಾಗಲಿ ತನ್ನ ಹಕ್ಕಿನಲ್ಲಾಗಲಿ ಇರುವ ಮುಖ್ಯವಾದ ದೋಷವು ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದಿದ್ದು, ಸಾಮಾನ್ಯ ಎಚ್ಚರಿಕೆಯಿಂದ ಅವನು ಕಂಡುಕೊಳ್ಳಲಾಗದಂತಿದ್ದರೆ, ಮಾರುವವನು ಅದನ್ನು ತಿಳಿಸಲೇಬೇಕು. ಹಕ್ಕುಪತ್ರಗಳನ್ನು ಕೇಳಿದಾಗ ತೋರಿಸಬೇಕು. ಸ್ವತ್ತನ್ನು ಕುರಿತು ಹಾಕಿದ ಪ್ರಸಕ್ತವಾದ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಉತ್ತರವನ್ನು ಹೇಳಬೇಕು. ಕ್ರಯದ ದಿನದ ವರೆಗಿನ ಕಂದಾಯ ಮುಂತಾದ ಸರಕಾರೀ ಬಾಕಿಗಳನ್ನು ತೀರಿಸಬೇಕು. ದೋಷವನ್ನು ತಿಳಿಸದೆ ಬಿಡುವುದು ವಂಚನೆಯೆಂದೇ ಪ್ರಕರಣದ ಕೊನೆಯಲ್ಲಿ ಹೇಳಿದೆ. ಕೊಳ್ಳುವವನಿಗೂ ಇಂತಹದೇ ಒಂದು ಕಟ್ಟುಪಾಡುಂಟು: ಮಾರುವವನಿಗೇ ತಿಳಿಯದ, ಅವನ ಹಕ್ಕಿನ ಬೆಲೆಯನ್ನು ಬಹುವಾಗಿ ಹೆಚ್ಚಿಸುವ ಸಂಗತಿಯೊಂದು ಕೊಳ್ಳುವವನಿಗೆ ಗೊತ್ತಿದ್ದರೆ ಅವನು ಅದನ್ನು ಹೇಳಬೇಕು.

ಕೊಳ್ಳುವವನೇ ಎಚ್ಚರದಿಂದಿರಬೇಕೆಂಬುದು ಇಂಗ್ಲಿಷ್ ನ್ಯಾಯದ ಹಳೆಯ ಸೂತ್ರ. ಮನೆಯ ಗೋಡೆ ತಳಪಾಯಗಳ ಸ್ಥಿತಿಯ ವಿಷಯದಲ್ಲಿ ಅಲ್ಲಿ ಮಾರುವವನು ಸುಮ್ಮನಿದ್ದರೆ ಅಪರಾಧವಿಲ್ಲವೆಂಬ ಭಾವನೆಯು ಬಲವಾಗಿತ್ತು. ಇಂಡಿಯದ ಕಾಯಿದೆಯು ಹಕ್ಕಿನ ದೋಷದೊಡನೆ ಸ್ವತ್ತಿನ ದೋಷವನ್ನೂ ಸೇರಿಸಿ ಒಂದು ಹೆಜ್ಜೆ ಮುಂದೆ ಹೋಯಿತು. ಸರಕಿನ ವಿಷಯದಲ್ಲಿ ಯಾಜ್ಞವಲ್ಕ್ಯನು ಹೇಳಿದ ನಿಷ್ಠುರವಾದ ಮಾತು ಮನೆಗೂ ಅನ್ವಯವಾದುದು ಹೀಗೆ. ಆದರೆ ಒಂದು ಬಾಗಿಲನ್ನು ತೆರೆದೇ ಇಟ್ಟಿದೆ: ಬೇರೆ ಕರಾರು ಇಲ್ಲದ ಪಕ್ಷದಲ್ಲಿ ಮಾತ್ರ ಈ ಕಟ್ಟುಪಾಡುಗಳೆಂದು ಪ್ರಕರಣವು ಆರಂಭವಾಗುತ್ತದೆ. ಎಲ್ಲಿ ಹೇಗಿದೆಯೋ ಹಾಗೆಯೇ ಎಂಬ ಮಾತನ್ನು ಮುಂದಿಟ್ಟುಕೊಂಡು ಬ್ಯಾಂಕುಗಳು ನಡೆಸುವ ಹರಾಜುಗಳಲ್ಲಿ ಕೊಳ್ಳುವವನು ಇಮ್ಮಡಿ ಎಚ್ಚರದಿಂದಿರಬೇಕಾದುದು ಇದರಿಂದಲೇ.

೫

ಕಾಯಿದೆಯು ಹೀಗೆ ಹೇಳುತ್ತಿರಲು ಕ್ರಯಪತ್ರವು ಏನು ಹೇಳುತ್ತದೆ? ಮೈಸೂರು ಸೀಮೆಯ ಕ್ರಯಪತ್ರವನ್ನಾಗಲಿ ಧಾರವಾಡದ ಕಡೆಯ ಖರೀದಿಪತ್ರವನ್ನಾಗಲಿ ತೆಗೆದು ನೋಡಿದರೆ ಅದರ ಅಂಗಗಳು ಸಾಮಾನ್ಯವಾಗಿ ಇವು: ಸ್ವತ್ತು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಮಾತು, ಸಂಸಾರದ ಖರ್ಚಿಗೋ ಸಾಲದ ಪರಿಹಾರಕ್ಕೋ ಮಾರುವುದಾಗಿ ಕಾರಣ, ಹಣವು ಸಂದಾಯವಾದುದರ ಒಪ್ಪಿಗೆ, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರಬಹುದೆಂಬ ವಚನ, ಈ ಸ್ವತ್ತಿನ ಮೇಲೆ ಬೇರೆ ಯಾವ ಋಣಭಾರವೂ ಇಲ್ಲ, ತಂಟೆ ತಕರಾರು ಬಂದರೆ ತಾನೇ ಪರಿಹರಿಸಿಕೊಡುವೆನೆಂಬ ಹೊಣೆ, ಕಡೆಗೆ ಚಕ್ಕುಬಂದಿ. ಎಷ್ಟೋ ಪತ್ರಗಳಲ್ಲಿ ನಿಧಿ ನಿಕ್ಷೇಪ ಜಲ ತರು ಪಾಷಾಣಗಳ ಮಾತು ಇಂದಿಗೂ ಉಳಿದಿದೆ. ಮೂವತ್ತು ಅಡಿ ಅಗಲದ ನಿವೇಶನದಲ್ಲಿ ನಿಧಿಯನ್ನು ಕೊಡುವವನು ಗೋಡೆಯ ಬಿರುಕನ್ನು ಕುರಿತು ಒಂದಕ್ಷರವನ್ನೂ ಬರೆಯುವುದಿಲ್ಲ.

ಹೊಣೆಗೂ ಕಥನಕ್ಕೂ ಇರುವ ವ್ಯತ್ಯಾಸವು ಇಲ್ಲಿ ಮುಖ್ಯ. ಯಾವ ತಕರಾರೂ ಇಲ್ಲವೆಂಬುದು ಒಂದು ಸಾಮಾನ್ಯ ವಾಕ್ಯ. ಎಲ್ಲ ಪತ್ರಗಳಲ್ಲಿಯೂ ಒಂದೇ ರೂಪದಲ್ಲಿ ಬರುವುದರಿಂದ ಯಾವ ಮನೆಯನ್ನು ಕುರಿತೂ ಅದು ವಿಶೇಷವಾಗಿ ಏನನ್ನೂ ಹೇಳಿದಂತಾಗುವುದಿಲ್ಲ. ತೊಂದರೆ ಬಂದ ಮೇಲೆ, ನ್ಯಾಯಾಲಯದಲ್ಲಿ, ವರ್ಷಗಳು ಕಳೆದ ನಂತರ ಅದರ ಪ್ರಯೋಜನ. ದೋಷಕಥನದ ಪ್ರಯೋಜನವಾದರೋ ಹಣವನ್ನು ಎಣಿಸಿ ಕೊಡುವುದಕ್ಕಿಂತ ಮುಂಚೆ. ಒಂದು ಸಂಸಾರದ ಇಡೀ ಜೀವಮಾನದ ಉಳಿತಾಯವು ಈ ಮುಂಚೆ ಆಮೇಲೆಗಳ ನಡುವಿನಲ್ಲಿ ನಿಂತಿರುತ್ತದೆ.

ಪತ್ರವು ನೋಂದಣಿಯಾದರೆ ಸಾಕೆಂಬ ನಂಬಿಕೆಯೂ ಜನರಲ್ಲಿದೆ. ನೂರು ರೂಪಾಯಿಗೆ ಕಡಮೆಯಿಲ್ಲದ ಸ್ಥಾವರದ ಕ್ರಯಕ್ಕೆ ನೋಂದಣಿಯು ಕಡ್ಡಾಯವೆಂಬುದು ನಿಜ. ಆದರೆ ೧೯೦೮ರ ನೋಂದಣಿ ಕಾಯಿದೆಯ ಪ್ರಕಾರ ಅಧಿಕಾರಿಯು ಮುಖ್ಯವಾಗಿ ನೋಡುವುದು ಪತ್ರವನ್ನು ಬರೆದುಕೊಟ್ಟವನು ಅವನೇ ಹೌದೋ, ಒಪ್ಪಿ ಬರೆದುಕೊಟ್ಟನೋ ಎಂಬುದನ್ನು. ಹಕ್ಕು ಶುದ್ಧವೋ ಎಂಬುದನ್ನು ತೀರ್ಮಾನಿಸುವುದು ಅವನ ಕೆಲಸವಲ್ಲ. ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನಮೂನೆ ೧೫ರಲ್ಲಿ ಅವುಗಳ ಪಟ್ಟಿ, ಯಾವುದೂ ಇಲ್ಲದಿದ್ದರೆ ನಮೂನೆ ೧೬. ಬಾಯಿಮಾತಿನ ಪಾಲುಪಾರಿಕತ್ತು, ಬಾಡಿಗೆದಾರನ ಹಕ್ಕು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಪಾಲಿಕೆಯ ಖಾತೆಯು ತೆರಿಗೆಯ ಲೆಕ್ಕಕ್ಕಾಗಿ ಇರುವುದೇ ಹೊರತು ಅದೇ ಒಡೆತನವಲ್ಲ.

ಹಾಗಾದರೆ ಈ ಸೀಮೆಯಲ್ಲಿ ಹೇಳಬೇಕಾದ ದೋಷಗಳು ಯಾವುವು? ಮೊದಲನೆಯದು ನೆಲ. ಹತ್ತಿಯನ್ನು ಬೆಳೆದು ಊರನ್ನು ಬೆಳೆಸಿದ ಎರೆಭೂಮಿಯು ಮನೆಗೆ ಒಳ್ಳೆಯ ನೆರೆಯಲ್ಲ. ಮಳೆಗಾಲದಲ್ಲಿ ಅದು ನೀರನ್ನು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಬಾಯಿಬಿಡುತ್ತದೆ. ತಳಪಾಯವು ಆಳವಾಗಿಲ್ಲದಿದ್ದರೆ ಗೋಡೆಯೂ ಅದರೊಡನೆ ಏರಿ ಇ���ಿದು ಸೀಳುತ್ತದೆ. ಸೀಳನ್ನು ಗಾರೆಯಿಂದ ಮುಚ್ಚಿ ಬಣ್ಣವನ್ನು ಬಳಿದು ತೋರಿಸಿದರೆ ಸಾಮಾನ್ಯ ಎಚ್ಚರಿಕೆಯುಳ್ಳವನಿಗೆ ಅದು ಕಾಣದು. ಕಾಯಿದೆಯು ಹೇಳುವ ಗೂಢದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎರಡನೆಯದು ನೀರು. ಹರಿಹರದಲ್ಲಿ ನದಿಯ ಅಂಚಿನ ತಗ್ಗಿನಲ್ಲಿರುವ ಮನೆಯೊಳಕ್ಕೆ ಪ್ರವಾಹದ ನೀರು ಬಂದಿತ್ತೇ ಎಂಬುದು ಬೇಸಗೆಯಲ್ಲಿ ನೋಡಲು ಬಂದವನಿಗೆ ತಿಳಿಯುವುದಿಲ್ಲ, ವಾಸವಾಗಿದ್ದವನಿಗೆ ತಿಳಿದಿರುತ್ತದೆ.

ಮೂರನೆಯದು ದಾಯಾದಿ. ಕರ್ಣಾಟಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದಲೂ, ಇಂಡಿಯಕ್ಕೆಲ್ಲ ಅನ್ವಯಿಸುವ ೨೦೦೫ರ ತಿದ್ದುಪಡಿಯಿಂದಲೂ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳು ಜನ್ಮತಃ ಪಾಲುಗಾರರಾಗಿದ್ದಾರೆ. ವಿಜ್ಞಾನೇಶ್ವರನು ಹೇಳಿದ ವಿಭಕ್ತಾವಿಭಕ್ತ ಸಂಶಯವು ಈಗ ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರನ್ನೂ ಒಳಗೊಳ್ಳುತ್ತದೆ. ಅವರ ಸಹಿಯಿಲ್ಲದ ಪತ್ರವನ್ನು ಕೊಂಡವನು ಹತ್ತು ವರ್ಷದ ಮೇಲೆ ದಾವೆಯನ್ನು ಎದುರಿಸಬಹುದು. ನಾಲ್ಕನೆಯದು ನೆಲದ ಹಿಂದಿನ ಚರಿತ್ರೆ. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು ಪರಭಾರೆ ಮಾಡುವುದನ್ನು ತಡೆಯುವ ೧೯೭೮ರ ಕಾಯಿದೆಯು ನಿಬಂಧನೆಗಳಿಗೆ ವಿರುದ್ಧವಾದ ಕ್ರಯವನ್ನು ಅಸಿಂಧುವೆನ್ನುತ್ತದೆ. ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣದಂತೆ ಸಾಗುವಳಿಯ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಿಕೊಳ್ಳದೆ, ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ತುಂಡುಮಾಡಿ ಮಾರಿದ ನಿವೇಶನಗಳನ್ನು ಜನರು ರೆವಿನ್ಯೂ ಸೈಟೆಂದು ಕರೆಯುತ್ತಾರೆ. ಮನೆಯು ಎಷ್ಟು ಚೆನ್ನಾಗಿದ್ದರೂ ಅದರ ಕೆಳಗಿನ ನೆಲಕ್ಕೆ ಈ ದೋಷವಿದ್ದರೆ ಅದು ಮನೆಯ ದೋಷವೇ.

೬

ಹೊಸ ಮನೆಗಳ ವಿಷಯದಲ್ಲಿ ಇತ್ತೀಚೆಗೆ ದೊಡ್ಡ ಮಾರ್ಪಾಡಾಗಿದೆ. ೨೦೧೬ರ ರಿಯಲ್ ಎಸ್ಟೇಟ್ ಕಾಯಿದೆಯು ೫೦೦ ಚದರ ಮೀಟರನ್ನಾಗಲಿ ೮ ಮನೆಗಳನ್ನಾಗಲಿ ಮೀರಿದ ಯೋಜನೆಗಳಿಗೆ ನೋಂದಣಿಯನ್ನು ಕಡ್ಡಾಯಪಡಿಸಿದೆ. ಕರ್ಣಾಟಕದ ನಿಯಮಗಳು ೨೦೧೭ರಲ್ಲಿ ಬಂದವು. ಭೂಮಿಯ ಹಕ್ಕು, ಋಣಭಾರ, ಮಂಜೂರಾದ ನಕ್ಷೆ, ಕೆಲಸದ ಪ್ರಗತಿ ಇವೆಲ್ಲವನ್ನೂ ಕಟ್ಟಿಸುವವನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಬರೆವಣಿಗೆಯ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಮುಂಗಡವನ್ನು ತೆಗೆದುಕೊಳ್ಳಕೂಡದು. ಮನೆಯನ್ನು ವಶಕ್ಕೆ ಕೊಟ್ಟ ೫ ವರ್ಷಗಳೊಳಗೆ ಕಟ್ಟಡದ ದೋಷವು ತೋರಿಬಂದರೆ ೩೦ ದಿನಗಳಲ್ಲಿ ತನ್ನ ಖರ್ಚಿನಿಂದ ಸರಿಪಡಿಸಬೇಕು. ಭೂಮಿಯ ಹಕ್ಕಿನ ದೋಷದಿಂದಾದ ನಷ್ಟಕ್ಕೆ ಕಾಲಮಿತಿಯ ಅಡ್ಡಿಯಿಲ್ಲ. ನಿಜವಾಗಿ ನೋಡಿದರೆ ಇದು ಕೌಟಿಲ್ಯನ ಸಾರಿಕೆಯು ಬೇರೆ ಸಾಧನದಿಂದ ಮರಳಿ ಬಂದುದು; ನಲವತ್ತು ಕುಲಗಳ ಬದಲಿಗೆ ಲೋಕವೆಲ್ಲ ನೋಡಬಹುದಾದ ಫಲಕ. ಬೀಜಕ್ಕೆ ಹತ್ತು ದಿನವನ್ನು ಕೊಟ್ಟ ಪರೀಕ್ಷೆಯ ಪಟ್ಟಿಯಲ್ಲಿ ಮನೆಗೂ ಐದು ವರ್ಷಗಳ ಸ್ಥಾನವು ಕಡೆಗೆ ದೊರೆತಂತಾಯಿತು.

ಆದರೆ ಈ ಕಾಯಿದೆಯು ಕಟ್ಟಿ ಮಾರುವವರಿಗೆ ಸೇರಿದ್ದು. ದಾವಣಗೆರೆಯ ಹಳೆಯ ಪೇಟೆಯಲ್ಲಿಯೋ ಹರಿಹರದ ಹಳೆಯ ಬೀದಿಯಲ್ಲಿಯೋ ಒಬ್ಬ ಗೃಹಸ್ಥನು ತಾನು ವಾಸಿಸಿದ ಮನೆಯನ್ನು ಮತ್ತೊಬ್ಬ ಗೃಹಸ್ಥನಿಗೆ ಮಾರುವಾಗ ಇದು ಉಪಯೋಗಕ್ಕೆ ಬಾರದು. ಅಲ್ಲಿ ಉಳಿದಿರುವುದು ೧೮೮೨ರ ಆ ಪ್ರಕರಣ ಮಾತ್ರ. ಅದನ್ನು ಬಳಸಿಕೊಳ್ಳುವವನು, ಮಾರುವವನಿಗೆ ದೋಷವು ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ, ತಿಳಿಸಲಿಲ್ಲ ಎಂಬ ಮೂರನ್ನೂ ಸಿದ್ಧಪಡಿಸಬೇಕು. ಕ್ರಯಕ್ಕೆ ಮೊದಲು ಆಡಿದ ಮಾತುಗಳಿಗೆ ಬರೆವಣಿಗೆಯಿಲ್ಲ. ಬರೆದ ಪತ್ರದಲ್ಲಿ ಆ ಮಾತುಗಳಿಗೆ ಸ್ಥಳವಿಲ್ಲ. ಕಾಯಿದೆಯು ಕೇಳುವುದು ಒಂದು, ಒಕ್ಕಣೆಯು ಬರೆಯುವುದು ಮತ್ತೊಂದು. ಈ ಅಂತರದಲ್ಲಿಯೇ ವಂಚನೆಯು ಬದುಕುತ್ತದೆ.

ಇದಕ್ಕೆ ಹೊಸ ಕಾಯಿದೆಯೇ ಬೇಕೆಂದಿಲ್ಲ. ಚಕ್ಕುಬಂದಿಗೆ ಪತ್ರದಲ್ಲಿ ಪ್ರತ್ಯೇಕವಾದ ಸ್ಥಾನವು ಹೇಗೆ ಬಂದಿತೋ ಹಾಗೆಯೇ ದೋಷವಿವರವೆಂಬ ಒಂದು ಭಾಗವನ್ನು, ಮೊದಲು ಕರಾರುಪತ್ರದಲ್ಲಿ, ಅನಂತರ ಕ್ರಯಪತ್ರದಲ್ಲಿ ಸೇರಿಸಬಹುದು. ಗೋಡೆ ತಳಪಾಯಗಳಲ್ಲಿ ಗೊತ್ತಿರುವ ಕುಂದು, ನೀರು ನುಗ್ಗಿದ ವರ್ಷಗಳು, ಪಾಲುಗಾರರ ಹೆಸರುಗಳು ಮತ್ತು ಅವರ ಒಪ್ಪಿಗೆ, ನಡೆಯುತ್ತಿರುವ ದಾವೆಗಳು, ಉಳಿದಿರುವ ಬಾಕಿಗಳು, ನೆಲದ ಪರಿವರ್ತನೆಯ ಆಜ್ಞೆ, ಇವನ್ನು ಇಲ್ಲವಾದರೆ ಇಲ್ಲವೆಂದು, ಉಂಟಾದರೆ ಇಷ್ಟೆಂದು ಒಂದೊಂದಾಗಿ ಬರೆದರೆ ಸಾಕು. ಪ್ರಾಮಾಣಿಕನಾದ ಮಾರಾಟಗಾರನಿಗೂ ಇದೇ ರಕ್ಷೆ. ಹೇಳಿ ಮಾರಿದವನನ್ನು ಮುಂದೆ ಯಾರೂ ದೂರಲಾರರು.

ಸಾಹಿತ್ಯವನ್ನು ಬೋಧಿಸುವವರಿಗೂ ಇದರಲ್ಲಿ ಒಂದು ಕೆಲಸವಿದೆ. ಶಾಸನಗಳ ಅಷ್ಟಭೋಗವನ್ನು ಪಾಠ ಹೇಳುವಾಗ ಅದು ಏನನ್ನು ಎಣಿಸಿತೆಂಬುದರೊಡನೆ ಏನನ್ನು ಎಣಿಸಲಿಲ್ಲವೆಂಬುದನ್ನೂ ತೋರಿಸಿಕೊಡಬೇಕು. ಕಾಣದ ನಿಧಿಗೂ ಇನ್ನೂ ಬಾರದ ಉತ್ಪತ್ತಿಗೂ ಹೆಸರುಗಳನ್ನು ಕೊಟ್ಟ ಕನ್ನಡದ ಒಕ್ಕಣೆಗೆ ಕಂಡ ಬಿರುಕಿಗೂ ಬಂದ ಪ್ರವಾಹಕ್ಕೂ ಹೆಸರನ್ನು ಕೊಡುವ ಶಕ್ತಿಯಿಲ್ಲವೆಂದು ಹೇಳಲಾಗದು. ವಿಜ್ಞಾನೇಶ್ವರನು ಸ್ಥಾವರದ ವ್ಯವಹಾರವು ಪ್ರಕಾಶವಾಗಿರಬೇಕೆಂದು ಬಯಸಿದನು. ಆ ಪ್ರಕಾಶವನ್ನು ನೆರೆಹೊರೆಯ ಕಣ್ಣುಗಳಿಂದ ಪಡೆಯುವ ಕಾಲವು ಕಳೆದಿರುವುದರಿಂದ, ಪತ್ರದ ಅಕ್ಷರಗಳಿಂದಲೇ ಅದನ್ನು ಪಡೆಯಬೇಕಾಗಿದೆ.